ನೀರುಗಂಟಿಯ ಮಾಗಳಿ ಬಳ್ಳಿ

ಎರಡು ಪಾದಕ್ಕೂ ಗೋರಂಟಿ ಮೆತ್ತಿಸಿಕೊಂಡು, ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಗಂಡಸನ್ನು ನಾನು ಮೊದಲ ಸಲ ನೋಡಿದ್ದು ಈ ಊರಿಗೆ ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ. ಬೆರಳ ಸಂದಿಯಿಂದ ಹಿಮ್ಮಡಿಯವರೆಗೂ ಕೆಂಪು. ಅದರ ಮೇಲೆ ಮೊಣಕಾಲಿನ ತನಕ ಒಣಗಿದ ಕೆಸರು. ಮೀಸೆ ನೋಡಿದರೆ ಹಳೇ ಕಾಲದ ದಫೇದಾರನದು, ಪಾದ ನೋಡಿದರೆ ಮದುವಣಗಿತ್ತಿಯದು! ಸೆರಗನ್ನು ಬಾಯಿಗೆ ಎಷ್ಟು ಒತ್ತಿಕೊಂಡರೂ ನನಗೆ ನಗು ನಿಲ್ಲಲಿಲ್ಲ. ಅವರು ತಲೆ ಎತ್ತಿ ನೋಡಿದರು.

"ನಗವ್ವ ನಗು. ನಿನ್ ಗೋರಂಟಿ ಇನ್ನೊಂದ್ ವಾರಕ್ಕೆ ಮಾಸೋಯ್ತದೆ. ನಂದು ಸಾಯೋಗಂಟ ಇರ್ತದೆ."

ಅವರು ನಮ್ಮ ಪಕ್ಕದ ಮನೆಯವರು, ಊರಿನ ನೀರುಗಂಟಿ. ನಾಲೆಯ ನೀರು ಯಾರ ಗದ್ದೆಗೆ ಯಾವಾಗ ಹೋಗಬೇಕು, ಯಾವಾಗ ನಿಲ್ಲಬೇಕು ಎಂದು ನೋಡಿಕೊಳ್ಳುವ ಕೆಲಸ. ವರ್ಷದ ಮುಕ್ಕಾಲು ಭಾಗ ಕಾಲು ನೀರಿನಲ್ಲೇ. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಗದಿರಲೆಂದು ಅವರ ಹೆಂಡತಿ ಹಿತ್ತಲಿನ ಗೋರಂಟಿ ಸೊಪ್ಪು ಅರೆದು ಹಚ್ಚುತ್ತಿದ್ದರು. ನಾನು ತಾಂಡವಪುರದ ಕಡೆಯವಳು. ಹೆದ್ದಾರಿ ಪಕ್ಕದ ಊರು, ಬಸ್ಸು ಲಾರಿ ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ. ಸುತ್ತೂರು ದಾಟಿ ನರಸೀಪುರದ ಕಡೆಗೆ ಹೊರಟರೆ ಸಿಗುವ ಈ ಊರಿನಲ್ಲಿ ನೋಡಿದ ಕಡೆಯೆಲ್ಲ ನೀರು, ಭತ್ತ, ಬದುಗಳ ಮೇಲೆ ಜಗಳ.

ನನ್ನ ಸ್ವಂತ ಅತ್ತೆ ಮಾವ ನಾನು ಬರುವ ಹೊತ್ತಿಗೆ ತೀರಿಕೊಂಡಿದ್ದರು. ಹಾಗಾಗಿ ಈ ಇಬ್ಬರನ್ನೇ ಮಾವ, ಅತ್ತೆ ಎಂದು ಕರೆಯತೊಡಗಿದೆ. ನನ್ನ ಹೊಲಿಗೆ ಮಿಷನ್ನು ಇಟ್ಟಿರುವುದು ಹಿಂದಿನ ಕೋಣೆಯ ಕಿಟಕಿಯ ಬಳಿ. ಅಲ್ಲಿ ಕೂತರೆ ಅವರ ಹಿತ್ತಲು ಪೂರ್ತಿ ಕಾಣುತ್ತದೆ. ಊರ ಹೆಂಗಸರ ಬ್ಲೌಸು ಹೊಲಿಯುತ್ತ ನಾನು ಅವರಿಬ್ಬರ ಸಂಸಾರವನ್ನು ಸಿನಿಮಾ ನೋಡಿದ ಹಾಗೆ ನೋಡಿದ್ದೇನೆ. ಟಿಕೆಟ್ಟು ಯಾರೂ ಕೇಳಲಿಲ್ಲ.

ನೀರುಗಂಟಿ ಮಾವನನ್ನು ಊರಿನ ಅರ್ಧ ಜನ ಬೈದುಕೊಂಡೇ ಊಟ ಮಾಡುತ್ತಿದ್ದರು. ಉಳಿದರ್ಧ ಜನರ ಸರದಿ ಮಾರನೆಯ ದಿನ. ಅವರು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ಒಮ್ಮೆ ಊರಿನ ದೊಡ್ಡ ಜಮೀನಿನ ಯಜಮಾನರು ತಮ್ಮ ಗದ್ದೆಗೆ ಇನ್ನೂ ಸ್ವಲ್ಪ ಹೊತ್ತು ನೀರು ಬೇಕೆಂದು ಹಟ ಹಿಡಿದರು. ಮಾವ ಬದುವಿನ ಬಾಯಿಗೆ, ಅದಕ್ಕೆ ಇಲ್ಲಿ ಮಡೆ ಎನ್ನುತ್ತಾರೆ, ನಾಲ್ಕು ಗುದ್ದಲಿ ಮಣ್ಣು ಎಳೆದು, ಅದರ ಮೇಲೆ ಪಂಚೆ ಎತ್ತಿ ಕಟ್ಟಿ ತಾವೇ ಕೂತುಬಿಟ್ಟರು. "ಈಗ ನಾನೇ ಮಡೆ ಕಣ್ರೀ ಯಜಮಾನ್ರೇ. ತೆಗೀರಿ ನೋಡವಾ" ಎಂದರಂತೆ. ಯಜಮಾನರು ನಗುತ್ತಲೇ ಬೈದು ಹೊರಟು ಹೋದರು. ಆ ಕಥೆಯನ್ನು ಊರಿನಲ್ಲಿ ಈಗಲೂ ಹೇಳುತ್ತಾರೆ.

"ನೀರ್ ಬುಡದು ಏನ್ ಮಹಾ ಕೆಲ್ಸ? ಸಣ್ ಮಗೂನೂ ಬುಡ್ತದೆ. ನಿಲ್ಸದು ಕಣವ್ವ ಕೆಲ್ಸ" ಎನ್ನುವುದು ಅವರ ಮಾತು. ನನಗಂತೂ ಆ ಮಾತನ್ನು ಅವರು ಬೇರೆ ಬೇರೆ ರೂಪದಲ್ಲಿ ಉಣಿಸಿದ್ದಾರೆ. ನನ್ನ ನಾಲಿಗೆ ಕತ್ತರಿಗಿಂತ ಹರಿತ, ಅದನ್ನು ನಾನೇ ಒಪ್ಪುತ್ತೇನೆ. ಒಂದು ಸಲ ನಾನೂ ನನ್ನ ವಾರಗಿತ್ತಿಯೂ ಒಂದು ಹಿತ್ತಾಳೆ ಕೊಳಗದ ವಿಷಯಕ್ಕೆ ಬೀದಿಯಲ್ಲಿ ನಿಂತು ಕಿತ್ತಾಡುತ್ತಿದ್ದೆವು. ಅವಳು ಮುಗಿಸಿ ಒಳಗೆ ಹೋದರೂ ನನ್ನದು ಮುಗಿದಿರಲಿಲ್ಲ. ಗುದ್ದಲಿ ಹೆಗಲಿಗೇರಿಸಿಕೊಂಡು ಆ ದಾರಿಯಲ್ಲಿ ಬಂದ ಮಾವ ನಿಂತು, "ಸಾಕು ಮಡೆ ಕಟ್ಟವ್ವ. ಗದ್ದೆ ತುಂಬಿ ಪಕ್ಕದೋರ ಗದ್ದೆಗೂ ಹರೀತಾ ಅದೆ" ಎಂದು ಹೇಳಿ ನಡೆದೇಬಿಟ್ಟರು. ಬೀದಿಯವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಹೊತ್ತಿಗೆ ನನಗೂ ನಗು ಬಂತು. ಕೊಳಗವನ್ನು ವಾರಗಿತ್ತಿಯೇ ಇಟ್ಟುಕೊಂಡಳು, ಹೋಗಲಿ ಬಿಡಿ.

ಅತ್ತೆಯ ಕಥೆ ಬೇರೆ. ಅವರು ಬಂದಿದ್ದು ಬೆಟ್ಟದ ತಪ್ಪಲಿನ ಒಣ ಸೀಮೆಯಿಂದ. ಮಳೆ ನಂಬಿ ರಾಗಿ, ಹುರುಳಿ ಬೆಳೆಯುವ ಊರು. ಮದುವೆಯಾಗಿ ಬರುವಾಗ ತವರಿನಿಂದ ಅವರು ತಂದ ದೊಡ್ಡ ಸಂಪತ್ತು ಒಂದು ಜಾಡಿ ಮಾಗಳಿ ಬೇರಿನ ಉಪ್ಪಿನಕಾಯಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಾಗಳಿ ಕಾಡಿನ ಬಳ್ಳಿ. ಬಂಡೆ ಸಂದಿಯಲ್ಲಿ ಹುಟ್ಟಿ ಪಕ್ಕದ ಮರಕ್ಕೆ ಹಬ್ಬುತ್ತದೆ. ಅದರ ಬೇರು ಮೈಗೆ ತಂಪು, ಬಾಯಿಗೆ ರುಚಿ, ಹೊಟ್ಟೆಗೆ ಒಳ್ಳೆಯದು ಎನ್ನುತ್ತಾರೆ. ಬೇರು ತೊಳೆದು, ಸಿಪ್ಪೆ ಹೆರೆದು, ಜಜ್ಜಿ ನಡುವಿನ ನಾರು ತೆಗೆದು, ಹೆಚ್ಚಿ, ಉಪ್ಪು ಖಾರ ಸಾಸಿವೆ ಬೆರೆಸಿ ನಿಂಬೆರಸದಲ್ಲೋ ಗಟ್ಟಿ ಮಜ್ಜಿಗೆಯಲ್ಲೋ ಹಾಕಿಟ್ಟರೆ ವರ್ಷವಾದರೂ ಕೆಡುವುದಿಲ್ಲ. ಆದರೆ ವಾಸನೆ! ಇಷ್ಟಪಡುವವರಿಗೆ ಅದು ಸ್ವರ್ಗ. ಮಿಕ್ಕವರು ಒಂದೇ ಮಾತು ಹೇಳುತ್ತಾರೆ, ತಿಗಣೆ ವಾಸನೆ.

ಮದುವೆಯಾದ ಹೊಸದರಲ್ಲಿ ಬೀಗರ ಪಂಕ್ತಿಯಲ್ಲಿ ಅತ್ತೆ ಅಷ್ಟು ಆಸೆಯಿಂದ ಆ ಉಪ್ಪಿನಕಾಯಿ ಬಡಿಸಿದರೆ, ಮಾವ ಎಲ್ಲರೆದುರಿಗೆ ಮೂಗು ಮುಚ್ಚಿಕೊಂಡು "ಥೂ, ತಿಗಣೆ ವಾಸ್ನೆ!" ಎಂದುಬಿಟ್ಟರಂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಲ್ಲಿಂದ ಮುಂದೆ ಪ್ರತಿ ವರ್ಷ ಅತ್ತೆ ಉಪ್ಪಿನಕಾಯಿ ಹಾಕುವುದು, ಮಾವ ಅದೇ ಮಾತು ಹೇಳುವುದು, ಅತ್ತೆ "ನಿಮ್ ಕೆಸ್ರು ಕಾಲಿನ್ ವಾಸ್ನೆಗಿಂತ ವಾಸಿ" ಎನ್ನುವುದು. ಯುಗಾದಿಗೆ ಬೇವು ಬೆಲ್ಲ ಇದ್ದ ಹಾಗೆ ಆ ಮನೆಗೆ ಆ ಜಗಳ.

ಇನ್ನು ಒಳಗಿನ ಮಾತು. ಮಾವ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯಲ್ಲ. ಆದರೆ ನಾಲಿಗೆ ಕೇಳಬೇಕಲ್ಲ? ಮಧ್ಯಾಹ್ನ ಅತ್ತೆ ಒಂದು ಜೊಂಪು ಮಲಗಿದ ಮೇಲೆ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬರುತ್ತಿದ್ದರು.

"ಏನವ್ವ, ನಿನ್ ಮಿಸನ್ ಸದ್ದು ಯಾಕೋ ಸರಿಗಿಲ್ಲ. ಎಣ್ಣೆ ಬುಡ್ಲಾ?"

ಮಿಷನ್ನಿಗೆ ಎಣ್ಣೆ ಬಿಟ್ಟ ಶಾಸ್ತ್ರ ಮಾಡಿ, ಕೈ ಒರೆಸಿಕೊಂಡು, "ಒಸಿ ಮೊಸ್ರನ್ನ ಇದ್ರೆ ಕೊಡು. ಬಿಸ್ಲು" ಎನ್ನುವರು. ಮೊಸರನ್ನದ ಜೊತೆಗೆ ಏನು ಬೇಕೆಂದು ನಾನೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಅತ್ತೆ ನನಗೆಂದು ಕೊಟ್ಟ ಜಾಡಿಯಿಂದ ಎರಡು ಹೋಳು ಬಡಿಸುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಚಪ್ಪರಿಸುತ್ತಿದ್ದರು. ಆಮೇಲೆ ಕೊಟ್ಟಿಗೆಯ ಪಕ್ಕ ನಿಂತು ಗಳಗಳ ಬಾಯಿ ಮುಕ್ಕಳಿಸಿ, ಎಲೆಯಡಿಕೆ ಹಾಕಿಕೊಂಡು, ಸಾಧುವಿನ ಮುಖ ಮಾಡಿಕೊಂಡು ಮನೆಗೆ ಹೋಗುವರು. "ಯೋಳ್ಬುಟ್ಟೀಯ ಮತ್ತೆ" ಎಂದು ಹೋಗುವಾಗ ಒಮ್ಮೆ ತಿರುಗಿ ನೋಡುತ್ತಿದ್ದರು. ನನ್ನ ಎಲ್ಲ ಬಾಯಿಬಡುಕತನದ ನಡುವೆಯೂ ಆ ಒಂದು ಗುಟ್ಟನ್ನು ನಾನು ಕಾಪಾಡಿದೆ.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಕೊರೊನಾ ಬಂತು. ಅತ್ತೆ ಮಲಗಿ ಎದ್ದರು, ದೇವರು ದೊಡ್ಡವನು. ಆದರೆ ಮೂಗು ಹೋಯಿತು. ಎಲ್ಲರಿಗೂ ಹೋದ ಹಾಗೆ ಹೋಗಿದೆ, ಬರುತ್ತದೆ ಎಂದುಕೊಂಡೆವು. ಉಳಿದವರಿಗೆ ಬಂತು, ಅತ್ತೆಗೆ ಬರಲಿಲ್ಲ. ಒಂದು ದಿನ ಸೀದ ವಾಸನೆ ನಮ್ಮ ಮನೆಯೊಳಗೆಲ್ಲ ಕವಿಯಿತು. ಓಡಿಹೋಗಿ ನೋಡಿದರೆ ಅತ್ತೆ ಒಲೆಯ ಮುಂದೆಯೇ ಕೂತು ಸೊಪ್ಪು ಬಿಡಿಸುತ್ತಿದ್ದಾರೆ, ಒಲೆಯ ಮೇಲೆ ಹುರುಳಿಕಾಳು ಇದ್ದಿಲಾಗಿದೆ. ಅವರಿಗೆ ಗೊತ್ತೇ ಆಗಿಲ್ಲ. ಪಾತ್ರೆ ಇಳಿಸಿದ್ದು ನಾನು. ಅತ್ತೆ ಆ ಪಾತ್ರೆಯನ್ನು ನೋಡಿ ಗಳಗಳನೆ ಅತ್ತರು.

"ಮಲ್ಗೆ ಮುಡ್ಕಂಡ್ರೆ ಕಾಗ್ದದ್ ಹೂವು ಕಣೆ ನಂಗೆ. ಅನ್ನ ಉಂಡ್ರೆ ಅರಳೆ. ಯಾಕಾರ ಬದ್ಕವ್ನಿ ಅನ್ಸ್ತದೆ."

ಬಾಗಿಲಲ್ಲಿ ನಿಂತಿದ್ದ ಮಾವ ಅದನ್ನು ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆಯೇ ಅತ್ತೆಯನ್ನು ನಂಜನಗೂಡಿಗೆ ಕರೆದುಕೊಂಡು ಹೋದರು.

ನಂಜನಗೂಡಿನ ಡಾಕ್ಟರು, ದಿನಾ ಗಾಢವಾದ ವಾಸನೆಯ ಪದಾರ್ಥಗಳನ್ನು ಮೂಸಿಸುತ್ತಿರಿ, ಕೆಲವರಿಗೆ ನಿಧಾನವಾಗಿ ಬರುತ್ತದೆ ಎಂದರು. ಅಷ್ಟು ಹೇಳಿದ್ದೇ ತಡ, ಮಾವ ಅದನ್ನೊಂದು ವ್ರತ ಮಾಡಿಕೊಂಡರು. ಲವಂಗ, ಕರ್ಪೂರ, ಕಾಫಿಪುಡಿ, ಬೇವಿನೆಣ್ಣೆ. ಒಂದು ದಿನ ಸೀಮೆಎಣ್ಣೆಯ ಬಾಟಲಿಯನ್ನೂ ಹಿಡಿದುಕೊಂಡು ಬಂದರು, ನಾನು ಕಿಟಕಿಯಿಂದಲೇ ಕೂಗಿ ನಿಲ್ಲಿಸಿದೆ. ಯಾವುದಕ್ಕೂ ಅತ್ತೆಯ ಮೂಗು ಜಗ್ಗಲಿಲ್ಲ. ಕೊನೆಗೊಮ್ಮೆ ಅತ್ತೆಯೇ, "ಮಾಗಳಿ ಬೇರು ಅಸೀದು ಮುರುದ್ರೆ ಬಂದ್ರೂ ಬರಬೌದು. ಚಿಕ್ಕೋಳಾಗಿದ್ದಾಗ ನೆಗ್ಡಿ ಬಂದ್ರೂ ಅದೊಂದ್ ವಾಸ್ನೆ ಗೊತ್ತಾಗದು" ಎಂದರು.

ಆದರೆ ಬೇರು ಎಲ್ಲಿದೆ? ಉಪ್ಪಿನಕಾಯಿ ಜಾಡಿಗಳೂ ಅಷ್ಟರಲ್ಲಿ ಖಾಲಿಯಾಗಿದ್ದವು. ಮೊದಲೆಲ್ಲ ನಂಜನಗೂಡಿನ ಸಂತೆಗೆ ಬೆಟ್ಟದ ಕಡೆಯ ಹೆಂಗಸೊಬ್ಬರು ಕಟ್ಟುಕಟ್ಟು ತರುತ್ತಿದ್ದರು. ಈಗ ಕೇಳಿದರೆ ಅವರು, "ಎಲ್ಲದೆ ಬಳ್ಳಿ? ಬುಡ ಸಮೇತ ಕಿತ್ಕಿತ್ತು ತಂದು ಮಾರುದ್ವಿ. ಫಾರೆಸ್ಟ್ನೋರೂ ಈಗ ಕಾಡ್ ಒಳಕ್ಕೆ ಬುಡಕಿಲ್ಲ" ಎಂದರಂತೆ. ಯಾರೋ ಮೈಸೂರಿನಿಂದ ತಂದುಕೊಟ್ಟ ಬೇರು ಒಣಗಿ ಕಡ್ಡಿಯಾಗಿತ್ತು. ಮುರಿದರೆ ನನ್ನ ಮೂಗಿಗೇ ಏನೂ ಬರಲಿಲ್ಲ.

"ಆಯ್ತು ಬುಡು, ನಾವೇ ಬೆಳ್ಕಳವಾ" ಎಂದರು ಮಾವ.

ಅತ್ತೆಯ ತಮ್ಮ ಬೆಟ್ಟದ ಕಡೆ ಸಸಿ ಮಾಡುವವರನ್ನು ಹಿಡಿದು ಎರಡು ಮಾಗಳಿ ಸಸಿ ತಂದುಕೊಟ್ಟರು. ಗೇಣುದ್ದ, ನಾಲ್ಕು ಎಲೆ, ಕುಡಿ ಮಾತ್ರ ಕೆಂಪಗೆ. ಮಾವ ಮೊದಲನೆಯದನ್ನು ಹಿತ್ತಲಲ್ಲೇ ಒಳ್ಳೆಯ ಜಾಗ ನೋಡಿ ನೆಟ್ಟರು. ಒಳ್ಳೆಯ ಜಾಗ ಎಂದರೆ ಬಚ್ಚಲ ನೀರು ಹರಿಯುವಲ್ಲಿ, ಬಾಳೆಯ ಪಕ್ಕ, ಕಪ್ಪು ಮಣ್ಣಿನಲ್ಲಿ. ನಾಲೆಯ ನೀರು ಕುಡಿದು ಬೆಳೆದ ನಮ್ಮೂರಿನವರಿಗೆ ಗಿಡ ಬಾಡಿದರೂ ನೀರು, ಚಿಗುರಿದರೂ ನೀರು. ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು. ನೋಡಹೋದವರೆಲ್ಲ ತಾವೂ ಒಂದು ಬೊಗಸೆ ಹಾಕಿ ಬರುತ್ತಿದ್ದರು. ಎಲೆ ಹಳದಿಯಾಯಿತು. ಅದಕ್ಕೆ ಇನ್ನಷ್ಟು ನೀರು ಹಾಕಿದರು. ಒಂದು ದಿನ ಮೆಲ್ಲಗೆ ಎಳೆದು ನೋಡಿದರೆ ಬೇರು ಕೊಳೆತು ಕೈಗೆ ಬಂತು.

ಅತ್ತೆಗೆ ಸಿಟ್ಟು ಬಂದರೆ ಅವರ ಒಣ ಸೀಮೆಯ ಮಾತೆಲ್ಲ ಹೊರಗೆ ಬರುತ್ತದೆ.

"ಊರ್ಗೆಲ್ಲ ನಿಲ್ಸದೇ ಕೆಲ್ಸ ಅಂತ ಬುದ್ಧಿ ಯೋಳ್ತೀರಿ. ಒಂದ್ ಚೆಂಬ್ ನೀರು ನಿಲ್ಸಕೆ ನಿಮ್ ಕೈಲಿ ಆಗ್ನಿಲ್ವಾ? ಅದು ಕಲ್ಲಲ್ ಹುಟ್ಟಿದ್ ಜೀವ. ಅದ್ಕೆ ನೀರು ಕುಡ್ಸಿ ಸಾಯ್ಸಿದ್ರಿ!"

ಮಾವ ಕಳ್ಳನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಮಿಷನ್ನು ನಿಲ್ಲಿಸಿ ನಾನು ಕಿವಿ ನೆಟ್ಟಗೆ ಮಾಡಿಕೊಂಡಿದ್ದೆ. ಊರಿನ ಯಜಮಾನರೆಲ್ಲ ಸೇರಿ ಮಾಡಲಾಗದ ಕೆಲಸವನ್ನು ಅತ್ತೆ ಒಂದೇ ಉಸಿರಿನಲ್ಲಿ ಮಾಡಿದ್ದರು.

ಎರಡನೆಯ ಸಸಿಯನ್ನು ಅತ್ತೆ ತಾವೇ ನೆಟ್ಟರು. ನಮ್ಮಿಬ್ಬರ ಮನೆಗಳ ನಡುವಿನ ಗೋಡೆಯ ಹತ್ತಿರ ಕಲ್ಲುಗುಪ್ಪೆ ಇತ್ತು. ಅದರ ಎತ್ತರದಲ್ಲಿ, ಗರಸು ಮಣ್ಣಿನಲ್ಲಿ, ಹಬ್ಬಲು ಹಳೇ ನುಗ್ಗೆಮರದ ಆಸರೆ ಸಿಗುವಲ್ಲಿ. ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, "ಚೆಂಬು ಇಡ್ಕಂಡು ಈ ಗೆರೆ ದಾಟುದ್ರೆ ನಾನ್ ತವ್ರಿಗೆ ಓಯ್ತೀನಿ" ಎಂದರು. ನೀರು ಹಾಕುವ ದಿನವನ್ನು ಅವರೇ ಹೇಳಬೇಕು. ಮಾವ ಗೆರೆಯ ಈಚೆ ಕುಕ್ಕರಗಾಲಲ್ಲಿ ಕೂತು ಬಳ್ಳಿಯನ್ನು ನೋಡುವುದು, ಬೆರಳಿನಿಂದ ಮಣ್ಣು ಚಿವುಟಿ ಮೂಸುವುದು, ನಿಟ್ಟುಸಿರು ಬಿಡುವುದು. "ಬಾಯಾರ್ಕೆ ಆಗಿರ್ತದೆ ಕಣಮ್ಮಿ" ಎಂದು ಒಳಗೆ ಕೂಗುವರು. "ನಿಮ್ಗಾದ್ರೆ ನೀವ್ ಕುಡೀರಿ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಬಳ್ಳಿ ಹಿಡಿಯಿತು. ನಿಧಾನ, ಬಹಳ ನಿಧಾನ, ಆದರೆ ಗಟ್ಟಿಯಾಗಿ. ಎಲೆ ಚಿವುಟಿದರೆ ಹಾಲು ಬರುತ್ತಿತ್ತು. ನುಗ್ಗೆಮರಕ್ಕೆ ಸುತ್ತು ಹಾಕಿ, ಗೋಡೆ ಹತ್ತಿ, ನಮ್ಮ ಕಡೆಗೂ ಒಂದು ಕುಡಿ ಇಣುಕಿತು. ಚಳಿಗಾಲ ಕಳೆಯುವಾಗ ಇದ್ದಕ್ಕಿದ್ದಂತೆ ಎಲೆಯೆಲ್ಲ ಉದುರಿಹೋಗಿ ಬರೀ ಹಗ್ಗದ ಹಾಗೆ ನಿಂತಿತು. ಬ್ಲೌಸು ಕೊಡಲು ಬಂದವರೆಲ್ಲ ಕಿಟಕಿಯಿಂದ ನೋಡಿ "ಅಯ್ಯೋ, ಒಣ್ಗೋಯ್ತಲ್ಲ, ನೀರಾಕ್ಬಾರ್ದಾ" ಎನ್ನುವವರೇ. ಮಾವ ಉಗುರಿನಿಂದ ಕಾಂಡವನ್ನು ಕೆರೆದು ಒಳಗೆ ಹಸಿರು ಇದೆಯೆಂದು ನೋಡಿದರು. ಆಮೇಲೆ ಬಂದ ಬಂದವರಿಗೆಲ್ಲ, "ನಿದ್ದೆ ಮಾಡ್ತಾ ಅದೆ. ಎಬ್ಬಿಸ್ಬ್ಯಾಡಿ ಓಗ್ರವ್ವ" ಎನ್ನತೊಡಗಿದರು. ಬೇಸಿಗೆ ಮಳೆಗೆ ಅದು ಚಿಗುರಿದಾಗ ಅವರು ಬೀದಿಯ ತುದಿಯ ತನಕ ಹೋಗಿ ಹೇಳಿ ಬಂದರು.

ಮುಂದಿನ ಮಳೆಗಾಲದಲ್ಲಿ ನಿಜವಾದ ಪರೀಕ್ಷೆ ಬಂತು. ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟು ಕಪಿಲೆ ತುಂಬಿ ಹರಿಯುತ್ತಿದ್ದಳು, ಜೊತೆಗೆ ಬಿಡದ ಮಳೆ. ಗದ್ದೆ ನಾಲೆ ಎಲ್ಲ ಒಂದಾಗಿ ನಮ್ಮ ಹಿತ್ತಲುಗಳಿಗೂ ನೀರು ನುಗ್ಗಿತು. ಕಲ್ಲುಗುಪ್ಪೆಯ ಬುಡಕ್ಕೆ ನೀರು ಬರುವುದನ್ನು ನಾನು ಕಿಟಕಿಯಿಂದ ನೋಡಿದೆ. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಗುದ್ದಲಿ ಹಿಡಿದು ಅಲ್ಲಿದ್ದರು. ಬೆಳಿಗ್ಗೆಯೆಲ್ಲ ಒಬ್ಬರೇ ಬಸಿಗಾಲುವೆ ತೋಡಿದರು. ನನ್ನ ಗಂಡ ಸಹಾಯಕ್ಕೆ ಹೋದರೆ, "ನೀನ್ ಮಣ್ಣು ಎಳ್ಯಪ್ಪ, ದಾರಿ ನಾನ್ ತೋರುಸ್ತೀನಿ" ಎಂದರಂತೆ. ಜೀವಮಾನವೆಲ್ಲ ನೀರನ್ನು ಗಿಡದ ಬುಡಕ್ಕೆ ಕರೆದುಕೊಂಡು ಹೋದ ಮನುಷ್ಯ, ಅವತ್ತು ಒಂದು ಬಳ್ಳಿಯ ಬುಡದಿಂದ ಅದನ್ನು ಆಚೆಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಹಿತ್ತಲೆಲ್ಲ ಕೆರೆಯಾಗಿದ್ದರೂ ಕಲ್ಲುಗುಪ್ಪೆ ದ್ವೀಪದ ಹಾಗೆ ಒಣಗಿ ನಿಂತಿತ್ತು. ಅತ್ತೆ ಗೋರಂಟಿ ಅರೆಯಲು ಕೂತರು. ಅವತ್ತು ಅವರು ಒಂದೂ ಬೈಗುಳ ಬೈಯಲಿಲ್ಲ.

ಅದಾದ ಮೇಲೆ ಬಳ್ಳಿ ಹೂಬಿಟ್ಟಿತು. ಸಣ್ಣ ಸಣ್ಣ ಕೆನೆಬಣ್ಣದ ಹೂವು. ಜೋಡಿ ಜೋಡಿ ಕಾಯಿ, ಎಳೆ ಹೋರಿಯ ಕೊಂಬಿನ ಹಾಗೆ. ಎಕ್ಕದ ಕಾಯಿಯಂತೆ ಇದೂ ಒಡೆದರೆ ಬೀಜ ರೇಷ್ಮೆ ಕೂದಲಿನ ಜೊತೆ ಗಾಳಿಗೆ ಹಾರಿಹೋಗುತ್ತದೆ, ಮತ್ತೆ ಸಿಕ್ಕುವುದಿಲ್ಲ. ಮಾವ ನನ್ನ ಹತ್ತಿರ ಬಂದು ಕೇಳಿದರು:

"ಅವ್ವ, ಕಾಯಿಗೆ ಒಂದ್ ಬ್ಲೌಸ್ ಒಲ್ಕೊಡು."

ಹೊಲಿದೆ. ಅಳತೆ ತೆಗೆದುಕೊಂಡೇ ಹೊಲಿದೆ. ಊರಿನ ಹೆಂಗಸರ ಬ್ಲೌಸಿನ ಉಳಿದ ತುಂಡುಗಳಲ್ಲಿ ಸಣ್ಣ ಸಣ್ಣ ಚೀಲ, ಬಾಯಿಗೆ ಲಾಡಿ. ಬಳ್ಳಿಯ ತುಂಬ ಗಿಳಿಹಸಿರು, ಕುಂಕುಮಕೆಂಪು, ನವಿಲುಬಣ್ಣದ ಚೀಲಗಳು ತೂಗಾಡತೊಡಗಿದವು. ತಮ್ಮ ತಮ್ಮ ಬ್ಲೌಸಿನ ಬಣ್ಣ ಯಾವ ಕಾಯಿಗೆ ಸಿಕ್ಕಿದೆ ಎಂದು ನೋಡಲು ಹೆಂಗಸರು ಗುಂಪಾಗಿ ಬಂದರು. ಆ ಬೀಜ ಮೊಳೆಯಿಸಿದ್ದು ಅತ್ತೆ. ಹುಟ್ಟಿದ ಸಸಿಗಳಲ್ಲಿ ಒಂದು ನನಗೆ, ಮಿಕ್ಕವು ಕೇಳಿದವರಿಗೆ. ಕೊಡುವಾಗ ಮಾವ ಪ್ರತಿಯೊಬ್ಬರಿಗೂ, "ನೀರು ಆಕಕೆ ಕೈ ತುರುಸ್ತದೆ. ಕೈ ಕಟ್ಕಂಡು ಕೂತ್ಕಳಿ" ಎಂದು ಉಪದೇಶ ಮಾಡಿದರು. ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಈಗ ಬೇರು ತೆಗೆಯುವ ಪ್ರಶ್ನೆ. ಮಾವನಿಗೆ ತಡೆಯಲಾಗದು. ಅತ್ತೆಗೆ ಇಷ್ಟವಿಲ್ಲ.

"ನನ್ ಮೂಗು ಓದ್ರೆ ಓಯ್ತದೆ. ಇಷ್ಟ್ ಕಷ್ಟಪಟ್ಟು ಬದುಕಿದ್ ಬಳ್ಳಿ ಸಾಯ್ಸಬ್ಯಾಡಿ."

"ಅಂಗಾರೆ ಯಾತ್ಕೆ ಬೆಳುದ್ವಿ? ನೋಡ್ಕಂಡ್ ಕೂತ್ಕಳಕಾ?"

ಇಬ್ಬರೂ ಊಟ ಬಿಡುವಷ್ಟು ಜಗಳವಾಯಿತು. ಕೊನೆಗೆ ಅತ್ತೆಯೇ ತವರಿನ ಹಿರಿಯರು ಮಾಡುತ್ತಿದ್ದ ಪದ್ಧತಿಯನ್ನು ನೆನಪಿಸಿಕೊಂಡರು. ಬಳ್ಳಿ ಎಲೆ ಉದುರಿಸಿ ಮಲಗಿದಾಗ ಒಂದೇ ಪಕ್ಕದಲ್ಲಿ ಮಣ್ಣು ಬಿಡಿಸಬೇಕು. ತಾಯಿಬೇರು ಮುಟ್ಟಬಾರದು, ಪಕ್ಕದ ಒಂದು ಬೇರನ್ನು ಮಾತ್ರ ತೆಗೆದು ಮತ್ತೆ ಮಣ್ಣು ಮುಚ್ಚಬೇಕು. ಮರುವರ್ಷ ಇನ್ನೊಂದು ಪಕ್ಕ. ಅಗೆಯುವುದಕ್ಕೆ ಮುಂಚೆ ಬಳ್ಳಿಯನ್ನು ಕೇಳಬೇಕು.

ಒಂದು ಬೆಳಿಗ್ಗೆ, ಬಿಸಿಲು ಏರುವ ಮೊದಲು, ನಾವು ಮೂವರೂ ಕಲ್ಲುಗುಪ್ಪೆಯ ಬಳಿ ಸೇರಿದೆವು. ಅತ್ತೆ ಕೈಮುಗಿದು, "ಒಂದ್ ಬೆರಳು ಕೊಡವ್ವ. ಕೈ ನಿಂದೇ ಇರ್ಲಿ" ಎಂದರು. ಗುದ್ದಲಿ ಕೂಡದು ಎಂದಿದ್ದರಿಂದ ಮಾವ ಮುರುಕು ಸೌಟಿನಲ್ಲಿ, ಬೆರಳಿನಲ್ಲಿ ಮಣ್ಣು ಬಿಡಿಸಿದರು. ಹೆಬ್ಬೆರಳು ದಪ್ಪದ ಒಂದು ಬೇರು ಸಿಕ್ಕಿತು. ಕಂದು ಸಿಪ್ಪೆ, ಮೈಯೆಲ್ಲ ಮಣ್ಣು. ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಅತ್ತೆಯ ಮೂಗಿನ ಹತ್ತಿರ ಹಿಡಿದು ಟಪ್ಪನೆ ಮುರಿದರು.

ಅಬ್ಬಾ! ನನಗಂತೂ ನೆತ್ತಿಗೇರಿತು ಆ ವಾಸನೆ. ಗೋಡೆಯಾಚೆ ನಮ್ಮ ಹಿತ್ತಲಲ್ಲಿದ್ದ ನನ್ನ ಗಂಡನೂ ಸೀನಿದರು.

"ಮೂಸ್ ನೋಡಮ್ಮಿ" ಎಂದರು ಮಾವ.

ಅತ್ತೆ ಕಣ್ಣುಮುಚ್ಚಿ ಉಸಿರು ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಕಣ್ಣು ಬಿಟ್ಟು ಮಾವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೇರನ್ನು ಪಕ್ಕಕ್ಕೆ ತಳ್ಳಿ, ಮೂಗು ಮುಚ್ಚಿಕೊಂಡರು.

"ಥೂ! ತಿಗಣೆ ವಾಸ್ನೆ ಕಣ್ರೀ!"

ಮಾವ ಹೆಗಲಿನ ಟವಲ್ಲನ್ನು ಮೇಲಕ್ಕೆ ಎಸೆದುಬಿಟ್ಟರು. ಅದು ನುಗ್ಗೆಮರಕ್ಕೆ ಸಿಕ್ಕಿಕೊಂಡಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. "ನಮ್ಮನೆಯೋಳ್ ಮೂಗು ಬಂತು ಕಣ್ರಪ್ಪೋ" ಎಂದು ಅವರು ಬೀದಿಯಲ್ಲಿ ಸಾರಿಕೊಂಡು ಹೋದರು. ಟೀ ಅಂಗಡಿಯಲ್ಲಿ ಇದ್ದವರಿಗೆಲ್ಲ ಅವತ್ತು ಅವರದೇ ಟೀ.

ಆ ಒಂದು ಬೇರಿನಿಂದ ಆದದ್ದು ಸಣ್ಣ ಜಾಡಿ ಉಪ್ಪಿನಕಾಯಿ. ಅದರಲ್ಲೂ ಅತ್ತೆ ಹೆಚ್ಚಿನ ಪಾಲನ್ನು ನನಗೇ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಮಧ್ಯಾಹ್ನಗಳಲ್ಲಿ ನನ್ನ ಮಿಷನ್ನು ಮತ್ತೆ ಕೆಡತೊಡಗಿತು. ಮಾವ ಎಣ್ಣೆ ಬಿಟ್ಟು, ಮೊಸರನ್ನ ಉಂಡು, ಬಾಯಿ ಮುಕ್ಕಳಿಸಿ ಹೋಗುತ್ತಿದ್ದರು. ಆ ದಿನಗಳಲ್ಲಿ ಅವರಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ನೋಡಿಲ್ಲ.

ಮರುವರ್ಷ ಇನ್ನೊಂದು ಪಕ್ಕದ ಬೇರನ್ನೂ ಅವರೇ ತೆಗೆದರು. ಅದಾದ ಮುಂದಿನ ಕೊಯ್ಲು ಮುಗಿದು, ನಾಲೆಯ ನೀರು ನಿಂತ ಕಾಲದಲ್ಲಿ, ಊಟ ಮಾಡಿ ಜಗಲಿಯ ಮೇಲೆ ಒರಗಿದವರು ಏಳಲಿಲ್ಲ. ಯಾರಿಗೂ ತೊಂದರೆ ಕೊಡಲಿಲ್ಲ, ತಾವೂ ತೊಂದರೆ ಪಡಲಿಲ್ಲ. ಮಣ್ಣಿಗೆ ಹೊತ್ತುಕೊಂಡು ಹೋಗುವಾಗ ಹೊದಿಸಿದ ಬಿಳಿ ಬಟ್ಟೆಯಾಚೆಗೆ ಪಾದ ಕಾಣುತ್ತಿತ್ತು. ಗೋರಂಟಿ ಇನ್ನೂ ಮಾಸಿರಲಿಲ್ಲ. ಅವರನ್ನು ಬೈಯುತ್ತಿದ್ದ ಯಜಮಾನರೇ ಹೆಗಲು ಕೊಟ್ಟರು.

ನನ್ನ ಗೋಡೆಯ ಈ ಪಕ್ಕ ಅವರ ಬೀಜದ ಬಳ್ಳಿ ಈಗ ನನ್ನ ಎತ್ತರಕ್ಕಿದೆ. ಎಲೆ ಉದುರಿದಾಗ ನನ್ನ ಕೈ ಚೆಂಬಿಗೆ ಹೋಗುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ವಾರಗಿತ್ತಿಯ ಮೇಲೆ ಸಿಟ್ಟು ಬಂದಾಗ ನಾಲಿಗೆಯದೂ ಅದೇ ಪಾಡು. ಪೂರ್ತಿ ಕಲಿತಿದ್ದೇನೆ ಎನ್ನಲಾರೆ. ಕಲಿತಷ್ಟು ಅವರದು.

ತಿಥಿಯ ದಿನದ ಮಾತನ್ನು ಹೇಳಿ ಮುಗಿಸುತ್ತೇನೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮ ಪದ್ಧತಿ. ಕಳಲೆ ಊರಿಗೆ ಮದುವೆ ಮಾಡಿ ಕೊಟ್ಟಿರುವ ಅವರ ಮಗಳು ಎಲೆ ಹಾಕಿ, ಮುದ್ದೆ, ಸಾರು, ವಡೆ, ಕಜ್ಜಾಯ, ಮೊಸರನ್ನ ಎಲ್ಲ ಬಡಿಸಿ, "ಇನ್ನೇನವ್ವ ಇಷ್ಟ ಅಪ್ಪಂಗೆ?" ಎಂದು ತಾಯಿಯನ್ನು ಕೇಳಿದಳು. ನಾನು ಸೆರಗಿನಡಿ ನನ್ನ ಮನೆಯ ಜಾಡಿ ಇಟ್ಟುಕೊಂಡು ಮೂಲೆಯಲ್ಲಿ ನಿಂತಿದ್ದೆ. ಇಷ್ಟು ವರ್ಷ ಕಾಪಾಡಿದ ಗುಟ್ಟು. ಹೇಳಿದರೆ ಅವರಿಗೆ ಮೋಸ, ಹೇಳದಿದ್ದರೆ ಅವರ ಎಡೆಗೆ ಮೋಸ. ಕೊನೆಗೆ ಅತ್ತೆಯ ಪಕ್ಕ ಹೋಗಿ ಕೂತು, ಕಿವಿಯಲ್ಲಿ, "ಅತ್ತೆ, ಬೇಜಾರು ಮಾಡ್ಕಬೇಡಿ. ಮಾವ ಇದನ್ನ ನಮ್ಮನೇಲಿ ತಿಂತಿದ್ರು" ಎಂದೆ.

ಅತ್ತೆ ಜಾಡಿಯ ಮುಚ್ಚಳ ತೆಗೆದು, ಬಗ್ಗಿ ಮೂಸಿದರು. ಮುಖದಲ್ಲಿ ಸಣ್ಣಗೆ ನಗು ಬಂತು.

"ಗೊತ್ತು ಕಣೆ. ನಿನ್ ಗಂಡನ್ ಅವ್ವನ್ ಕಾಲ್ದಿಂದ್ಲೂ ನಿಮ್ಮನೇಲೇ ತಿಂತಿದ್ದಿದ್ದು. ಅದ್ಕೇ ಅಲ್ವಾ ನಿಂಗೆ ಜಾಸ್ತಿ ಕೊಡ್ತಿದ್ದಿದ್ದು? ಬಾಯೇನೋ ತೊಳ್ಕಂಡ್ ಬರೋರು. ಮೀಸೆ ತೊಳ್ಕಬೇಕು ಅಂತ ಗೊತ್ತಾಗ್ತಿರ್ನಿಲ್ಲ."

ಅತ್ತೆ ಇನ್ನೂ ತಗ್ಗಿದ ದನಿಯಲ್ಲಿ ಹೇಳಿದರು:

"ಬೇರು ಮುರುದ್ರಲ್ಲ, ಅವತ್ತು ನಂಗೆ ಏನೂ ಬರ್ಲಿಲ್ಲ. ಅವ್ರ್ ಮೊಕ ನೋಡಿ ಸುಳ್ ಯೋಳ್ದೆ. ಆಮೇಲೆ ಎಷ್ಟೋ ದಿನ ಆದ್ಮೇಲೆ, ಒಂದ್ ಮದ್ಯಾನ ನಾನ್ ಮಲ್ಗಿದ್ದೆ. ನಿಮ್ಮನೆಯಿಂದ ಬಂದು, ನಿದ್ದೆ ಮಾಡ್ತಾವ್ಳೋ ಇಲ್ವೋ ಅಂತ ಬಗ್ಗಿ ನೋಡುದ್ರು. ಮೀಸೆಯಿಂದ ಘಮ್ ಅಂತು ಕಣೆ. ಅವತ್ತು ಬಂತು ನನ್ ಮೂಗು."

"ಅವರಿಗೆ ಹೇಳಲಿಲ್ವಾ ಅತ್ತೆ?"

"ಯೋಳುದ್ರೆ ನಿಮ್ಮನೆಗೆ ಬರದ್ನೇ ನಿಲ್ಸ್ಬುಡೋರು. ನಾನ್ ನಿದ್ದೆ ಬಂದೋಳಂಗೆ ಮಲ್ಗೇ ಇದ್ದೆ."

ಅಷ್ಟು ಹೇಳಿ ಅತ್ತೆ ಎದ್ದರು. ಜಾಡಿಯಿಂದ ನಾಲ್ಕು ಹೋಳು ತೆಗೆದು, ಎಲೆಯ ಮೇಲೆ ಮೊಸರನ್ನದ ಪಕ್ಕಕ್ಕೆ ತಾವೇ ಬಡಿಸಿದರು. ಗೋಡೆಗೆ ಒರಗಿಸಿದ್ದ ಫೋಟೋದ ದಪ್ಪ ಮೀಸೆಯನ್ನು ನೋಡಿ ಮೆಲ್ಲಗೆ ಹೇಳಿದರು:

"ಉಣ್ಣಿ. ಇವತ್ತು ಬಾಯ್ ತೊಳ್ಕಳದೇನ್ ಬ್ಯಾಡ."